ಸಂಡೂರಿನ ಗುಡ್ಡದಲ್ಲಿ ಯಕ್ಷರ ಒಡ್ಡೋಲಗ ಕಟ್ಟೋದು ಹೇಗೆ?

ಪ್ರಶ್ನೆ: ನಾನು ಬಳ್ಳಾರಿ ಜಿಲ್ಲೆಯ ಸಂಡೂರು ಕಡೆಯವನು. ಕನ್ನಡದಲ್ಲಿ ಒಂದು ಫ್ಯಾಂಟಸಿ ಕಾದಂಬರಿ ಬರೆಯುತ್ತಿದ್ದೇನೆ. ಇಂಗ್ಲಿಷ್ ಕಥೆಗಳ ಫೇರಿಗಳ ಹಾಗೆ ನನ್ನ ಕಥೆಯಲ್ಲೂ ಕಣ್ಣಿಗೆ ಕಾಣದ ಒಂದು ಜನ ಇದ್ದಾರೆ. ಅವರಿಗೆ ಯಕ್ಷರು ಅಂತ ಹೆಸರಿಟ್ಟಿದ್ದೇನೆ. ಬೇಸಿಗೆ ರಾಣಿಯದ್ದೊಂದು, ಚಳಿಗಾಲದ ರಾಣಿಯದ್ದೊಂದು ಆಸ್ಥಾನ ಮಾಡಿದೆ. ಓದಿದ ಗೆಳೆಯರು "ನಮ್ಮ ಕಡೆ ಚಳಿಗಾಲ ಎಲ್ಲೈತಪ್ಪಾ?" ಅಂದರು. ಇನ್ನೊಂದು ತೊಂದರೆಯೂ ಇದೆ. ಫೇರಿಗಳಿಗೆ ಕಬ್ಬಿಣ ಆಗುವುದಿಲ್ಲ ಅಂತಾರೆ. ಸಂಡೂರಿನ ಗುಡ್ಡಗಳೇ ಕಬ್ಬಿಣದ ಅದಿರು. ಅಲ್ಲಿ ಅವರು ಬದುಕೋದು ಹೇಗೆ? ಅವರು ಯಾವ ಕನ್ನಡ ಮಾತಾಡಬೇಕು? ಕಥೆಯನ್ನು ಆಸ್ಥಾನದ ದೃಶ್ಯದಿಂದಲೇ ಶುರು ಮಾಡಬಹುದಾ?

ಉತ್ತರ: ನಿಮ್ಮ ಗೆಳೆಯರು ಹೇಳಿದ್ದು ಸರಿ. ಆದರೆ ಅವರು ಹಿಡಿದಿದ್ದು ತೊಂದರೆಯ ಒಂದು ತುದಿ ಮಾತ್ರ. ಬೇಸಿಗೆ, ಚಳಿಗಾಲ ತೆಗೆದು ಮುಂಗಾರು, ಹಿಂಗಾರು ಅಂತ ಬರೆದ ಕೂಡಲೇ ಆಸ್ಥಾನ ನಮ್ಮದಾಗಿಬಿಡುವುದಿಲ್ಲ. ಋತು, ಕಿರೀಟ, ಬಣ್ಣದ ಬಟ್ಟೆ ಇವೆಲ್ಲ ಆಮೇಲಿನ ಮಾತು. ಮೊದಲು ನೀವು ತೀರ್ಮಾನ ಮಾಡಬೇಕಾದ್ದು ಬಾಕಿಯ ಲೆಕ್ಕ. ಈ ಜನ ಯಾರಿಗೆ ಏನು ಕೊಡಬೇಕು? ಇವರಿಗೆ ಯಾರು ಏನು ಕೊಡಬೇಕು? ಯಾವ ದಿನದೊಳಗೆ? ಕೊಡದಿದ್ದರೆ ಏನಾಗುತ್ತದೆ? ಹಳೆಯ ಫೇರಿ ಕಥೆಗಳೂ ನಡೆಯುವುದು ಈ ಲೆಕ್ಕದ ಮೇಲೆಯೇ. ನಮ್ಮ ಸೀಮೆಯಲ್ಲಿ ಅಂಥ ಲೆಕ್ಕಕ್ಕೆ ಬೇಕಾದ ಸಾಮಾನು ಜಾಸ್ತಿಯೇ ಇದೆ.

ಮೊದಲು ಆ ಕಡೆಯದ್ದನ್ನು ಸ್ವಲ್ಪ ನೋಡೋಣ. ಬೇಸಿಗೆ ಆಸ್ಥಾನ, ಚಳಿಗಾಲದ ಆಸ್ಥಾನ ಅಂತ ಎರಡು ಪಕ್ಷ ಮಾಡುವುದು ಬಹುಮಟ್ಟಿಗೆ ಈಚಿನ ಫ್ಯಾಂಟಸಿ ಬರಹಗಾರರ, ಆಟಗಳ ಕೆಲಸ. ಸ್ಕಾಟ್ಲೆಂಡಿನ ಜನಪದದಲ್ಲಿ ಇರುವ ಎರಡು ಗುಂಪು ಸೀಲಿ ಮತ್ತು ಅನ್‌ಸೀಲಿ. ಅವರನ್ನು ಬೇರೆ ಮಾಡುವುದು ಋತು ಅಲ್ಲ, ನಡವಳಿಕೆ. ಸೀಲಿಗಳಿಗೆ ಉಪಕಾರ ಮಾಡಿದರೆ ತಿರುಗಿ ಉಪಕಾರ ಮಾಡುತ್ತಾರೆ. ಅವಮಾನ ಮಾಡಿದರೆ ಅವರೂ ಬಿಡುವುದಿಲ್ಲ. ಅನ್‌ಸೀಲಿಗಳು ಕಾರಣವೇ ಇಲ್ಲದೆ ಕಾಡುತ್ತಾರೆ. ಐರ್ಲೆಂಡಿನ ಕವಿ ಯೇಟ್ಸ್ 1888ರಲ್ಲಿ ಇನ್ನೊಂದು ರೀತಿ ವಿಂಗಡಿಸಿದರು: ಗುಂಪಾಗಿ ತಿರುಗುವವರು, ಒಂಟಿಯಾಗಿ ಇರುವವರು. ಇದು ಬರೆಯುವವರಿಗೆ ತುಂಬಾ ಉಪಯೋಗಕ್ಕೆ ಬರುತ್ತದೆ. ರಾಜ, ರಾಣಿ, ಮೆರವಣಿಗೆ ಎಲ್ಲ ಗುಂಪಿನವರಿಗೆ. ಚಪ್ಪಲಿ ಹೊಲಿಯುತ್ತಾ ಕೂರುವ ಲೆಪ್ರಿಕಾನ್‌ಗೆ ಆಸ್ಥಾನವೂ ಇಲ್ಲ, ಅದರ ಹಂಗೂ ಇಲ್ಲ. ನಿಮ್ಮ ಕಥೆಯಲ್ಲೂ ಎಲ್ಲ ಯಕ್ಷರೂ ಯಾವುದೋ ಒಂದು ಸಿಂಹಾಸನಕ್ಕೆ ಸೇರಲೇಬೇಕು ಅಂತಿಲ್ಲ. ಹಾಳು ಬಾವಿಯಲ್ಲಿ ಒಬ್ಬನೇ ಇರುವ, ಯಾರಿಗೂ ಕಪ್ಪ ಕೊಡದ ಒಬ್ಬ ಯಕ್ಷ ಇರಲಿ. ಎರಡೂ ಕಡೆಯವರಿಗೆ ಅವನ ಮೇಲೆ ಸಿಟ್ಟಿರಲಿ.

ಟ್ಯಾಮ್ ಲಿನ್ ಅನ್ನೋ ಹಳೆಯ ಸ್ಕಾಟಿಷ್ ಕಥನಗೀತೆಯನ್ನು ನೋಡಿ. ಫೇರಿಗಳು 7 ವರ್ಷಕ್ಕೊಮ್ಮೆ ನರಕಕ್ಕೆ ಒಂದು ಕಂದಾಯ ಕಟ್ಟಬೇಕು. ಈ ಸಲದ ಕಂದಾಯ ತಾನೇ ಆಗಿಬಿಡುತ್ತೇನೆ ಅಂತ ಅವರ ಸೆರೆಯಲ್ಲಿರುವ ಮನುಷ್ಯ ಟ್ಯಾಮ್ ಲಿನ್‌ಗೆ ಭಯ. ಅಕ್ಟೋಬರ್ ಕೊನೆಯ ರಾತ್ರಿ ಫೇರಿಗಳ ಮೆರವಣಿಗೆ ಹೊರಟಾಗ ಅವನನ್ನು ಪ್ರೀತಿಸಿದ ಹುಡುಗಿ ಅವನನ್ನು ಕುದುರೆಯಿಂದ ಎಳೆದುಕೊಳ್ಳುತ್ತಾಳೆ. ಅವನು ಹಾವಾಗುತ್ತಾನೆ, ಮೃಗವಾಗುತ್ತಾನೆ, ಕಾದ ಕಬ್ಬಿಣವಾಗುತ್ತಾನೆ. ಅವಳು ಕೈ ಬಿಡುವುದಿಲ್ಲ. ಇಲ್ಲಿ ಅರಮನೆಯ ವರ್ಣನೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಆದರೂ ಒಂದು ರಾಜ್ಯ ಕಣ್ಣಿಗೆ ಕಟ್ಟುತ್ತದೆ, ಅಲ್ವಾ? ರಾಣಿಗೂ ಮೇಲೊಬ್ಬ ಇದ್ದಾನೆ, ಅವನಿಗೆ ಅವಳು ಬಾಕಿ ಇದ್ದಾಳೆ, ದಿನ ಹತ್ತಿರ ಬಂದಿದೆ. ಅಷ್ಟೇ ಸಾಕಾಯಿತು.

ಷೇಕ್ಸ್‌ಪಿಯರ್ ನಾಟಕದ ಓಬೆರಾನ್, ಟೈಟಾನಿಯಾ ಜಗಳವೂ ಹಾಗೇ. ಅವರು ಜಗಳ ಆಡುವುದು ಒಬ್ಬ ಭಾರತದ ಹುಡುಗನಿಗಾಗಿ. ಅವನ ತಾಯಿ ಟೈಟಾನಿಯಾಳ ಭಕ್ತೆ. ಹೆರಿಗೆಯಲ್ಲಿ ಸತ್ತಳು. ಅವಳ ಋಣಕ್ಕೆ ರಾಣಿ ಮಗುವನ್ನು ಸಾಕುತ್ತಾಳೆ. ಗಂಡನಿಗೆ ಆ ಹುಡುಗ ತನ್ನ ಪರಿವಾರಕ್ಕೆ ಬೇಕು. ಈ ಜಗಳದಿಂದ ಹೊಳೆ ಉಕ್ಕುತ್ತದೆ, ಪೈರು ಕೊಳೆಯುತ್ತದೆ, ಋತುಗಳು ಅದಲುಬದಲಾಗುತ್ತವೆ. ಗಮನಿಸಿ, ಇಲ್ಲಿ ಮೊದಲು ಬಂದದ್ದು ಋಣ. ಹವಾಮಾನ ಕೆಟ್ಟದ್ದು ಅದರಿಂದ.

ಈಗ ನಮ್ಮ ಕಡೆಗೆ ಬರೋಣ. ಮನುಷ್ಯರಲ್ಲದವರ ಒಡ್ಡೋಲಗ ಅಂದರೆ ಕಿಷ್ಕಿಂಧೆಗಿಂತ ಹತ್ತಿರದ್ದು ನಿಮಗೆ ಬೇರೆ ಬೇಕಾ? ಆನೆಗೊಂದಿ, ಪಂಪಾ ಸರೋವರ, ಅಂಜನಾದ್ರಿ ಎಲ್ಲ ಕೊಪ್ಪಳ ಜಿಲ್ಲೆಯ ಗಂಗಾವತಿ ಕಡೆಯವು. ವಾಲ್ಮೀಕಿಯ ಕಿಷ್ಕಿಂಧಾಕಾಂಡವನ್ನು ಒಮ್ಮೆ ಫ್ಯಾಂಟಸಿ ಬರಹಗಾರನ ಕಣ್ಣಿನಿಂದ ಓದಿ. ಇಡೀ ಕಾಂಡ ನಿಂತಿರುವುದು ಕೊಟ್ಟ ಮಾತು ಮತ್ತು ಗಡುವಿನ ಮೇಲೆ. ರಾಮನಿಂದ ರಾಜ್ಯ ಪಡೆದ ಸುಗ್ರೀವ ಮಳೆಗಾಲ ಮುಗಿದ ಮೇಲೆ ಸೀತೆಯನ್ನು ಹುಡುಕಿಸಬೇಕು. ಮಳೆ ನಿಂತು ಆಕಾಶ ತಿಳಿಯಾದರೂ ಸುಗ್ರೀವ ಅಂತಃಪುರ ಬಿಟ್ಟು ಹೊರಗೆ ಬರಲಿಲ್ಲ. ಲಕ್ಷ್ಮಣ ಸಿಟ್ಟಿನಿಂದ ಊರ ಬಾಗಿಲಿಗೆ ಬಂದ. ಅವನ ಎದುರಿಗೆ ಹೋಗಿ ಮಾತಾಡಿ ಸಮಾಧಾನ ಮಾಡಿದವಳು ತಾರೆ. ನನಗಂತೂ ಆ ಕಾಂಡದಲ್ಲಿ ಅವಳಷ್ಟು ಚುರುಕಾದ ರಾಜತಂತ್ರಜ್ಞರು ಇನ್ನೊಬ್ಬರು ಕಾಣುವುದಿಲ್ಲ. ಆಸ್ಥಾನದ ರಾಣಿಯನ್ನು ಬರೆಯುವ ಮುಂಚೆ ತಾರೆಯ ಮಾತುಗಳನ್ನು ದಯವಿಟ್ಟು ಓದಿ.

ಅದೇ ಕಾಂಡದಲ್ಲಿ ಸ್ವಯಂಪ್ರಭೆಯ ಗುಹೆ ಬರುತ್ತದೆ. ಇದನ್ನು ಯಾಕೆ ನಮ್ಮ ಫ್ಯಾಂಟಸಿ ಬರಹಗಾರರು ಹೆಚ್ಚು ಮುಟ್ಟಿಲ್ಲ ಅಂತ ನನಗೆ ಬೇಸರ ಇದೆ. ದಕ್ಷಿಣಕ್ಕೆ ಹೊರಟ ಅಂಗದ, ಹನುಮಂತ ಮೊದಲಾದವರಿಗೆ ಒಂದು ತಿಂಗಳ ಗಡುವು. ಬಾಯಾರಿ ಬಳಲಿದವರು ಋಕ್ಷಬಿಲ ಅನ್ನೋ ಕತ್ತಲೆ ಗುಹೆಗೆ ಇಳಿಯುತ್ತಾರೆ. ಒಳಗೆ ಚಿನ್ನದ ಮರಗಳು, ಚಿನ್ನದ ಮನೆಗಳು. ಎಲ್ಲ ದಾನವರ ಶಿಲ್ಪಿ ಮಯ ಕಟ್ಟಿದ್ದು. ಹೇಮೆ ಎಂಬ ಅಪ್ಸರೆಯ ಕಾರಣಕ್ಕೆ ಅವನು ಇಂದ್ರನ ಕೈಯಲ್ಲಿ ಸತ್ತ. ಆಮೇಲೆ ಅದು ಹೇಮೆಗೆ ಸಿಕ್ಕಿತು. ಗೆಳತಿ ಸ್ವಯಂಪ್ರಭೆ ಅದನ್ನು ಕಾಯುತ್ತಾ ತಪಸ್ಸು ಮಾಡುತ್ತಿದ್ದಾಳೆ. ಅವಳು ಅವರಿಗೆ ಹಣ್ಣು ಹಂಪಲು, ಪಾನಕ ಕೊಡುತ್ತಾಳೆ. ಒಳಗೆ ಬಂದವರು ಜೀವಂತ ಹೊರಗೆ ಹೋಗುವುದು ಕಷ್ಟ ಅನ್ನುತ್ತಾಳೆ. ಕೊನೆಗೆ ಕಣ್ಣು ಮುಚ್ಚಿಕೊಳ್ಳಿ ಅಂತ ಹೇಳಿ ಹೊರಗೆ ತಂದು ಬಿಡುತ್ತಾಳೆ. ಅಷ್ಟರಲ್ಲಿ ಗಡುವು ಮೀರಿದೆ. ಅಂಗದ ಉಪವಾಸ ಕೂತು ಸಾಯುತ್ತೇನೆ ಅನ್ನುತ್ತಾನೆ. ನೆಲದ ಕೆಳಗಿನ ಅರಮನೆ, ಕೊಟ್ಟ ಊಟ, ಕೈತಪ್ಪಿದ ಕಾಲ, ಕಣ್ಣು ಮುಚ್ಚಿ ದಾಟುವ ಗಡಿ ಎಲ್ಲವೂ ಇಲ್ಲಿದೆ. ಒಂದು ವ್ಯತ್ಯಾಸ ಇದೆ. ಯುರೋಪಿನ ಫೇರಿ ಊಟ ತಿಂದವನು ಅಲ್ಲೇ ಬಂದಿ. ಇಲ್ಲಿ ಊಟ ನಿಜವಾದ ಆತಿಥ್ಯ. ಉಂಡವರು ಪ್ರತಿಯಾಗಿ ಏನು ಮಾಡಲಿ ಅಂತ ಕೇಳುತ್ತಾರೆ, ಅವಳು ಏನೂ ಬೇಡ ಅನ್ನುತ್ತಾಳೆ. ನಿಮ್ಮ ಯಕ್ಷರ ಊಟದ ನಿಯಮಕ್ಕೆ ಇದೇ ಆಧಾರ ಆಗಲಿ: ತಿಂದವನು ಬಂದಿಯಲ್ಲ, ಋಣಿ. ಆ ಋಣವನ್ನು ಯಾವಾಗ ಕೇಳಬೇಕು ಅನ್ನೋದು ಆಸ್ಥಾನದ ಕೈಯಲ್ಲಿ.

ಯಕ್ಷರು ಅಂತ ಹೆಸರಿಟ್ಟದ್ದು ಒಳ್ಳೆಯದೇ ಆಯಿತು. ಮಹಾಭಾರತದ ಯಕ್ಷನ ಕೊಳ ನೆನಪಿದೆಯಲ್ಲ? ಉತ್ತರ ಕೊಟ್ಟು ನೀರು ಕುಡಿ ಅಂತ ಯಕ್ಷ ಮೊದಲೇ ಹೇಳಿದ. ಕೇಳದೆ ಕುಡಿದ 4 ಜನ ಬಿದ್ದರು. ನಿಯಮವನ್ನು ಮುಂಚೆಯೇ ಬಾಯಿಬಿಟ್ಟು ಹೇಳುವುದು, ಮುರಿದವನಿಗೆ ರಿಯಾಯಿತಿ ಇಲ್ಲದಿರುವುದು ಯಕ್ಷರ ಗುಣ ಆಗಲಿ.

ಇನ್ನು ಜಾಗ. ಐರ್ಲೆಂಡಿನಲ್ಲಿ ಫೇರಿಗಳ ಮನೆ ಅಂತ ಜನ ತೋರಿಸುವ ಎಷ್ಟೋ ದಿಬ್ಬಗಳು ನಿಜಕ್ಕೂ ಪ್ರಾಚೀನ ಸಮಾಧಿಗಳು. ನ್ಯೂಗ್ರೇಂಜ್ 5,000 ವರ್ಷಕ್ಕೂ ಹಳೆಯದು. ಯಾರು ಕಟ್ಟಿದರು ಅನ್ನೋದು ಮರೆತುಹೋದಾಗ, ಅಲ್ಲಿ ಬೇರೆ ಜನ ಇದ್ದಾರೆ ಅನ್ನೋ ಕಥೆ ಹುಟ್ಟಿತು. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಗುಡ್ಡದ ಮೇಲೂ ಇದೇ ಆಗಿದೆ. ಅಲ್ಲಿ ದೊಡ್ಡ ದೊಡ್ಡ ಕಲ್ಲು ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ನೂರಾರು ಶಿಲಾ ಸಮಾಧಿಗಳಿವೆ. ಕೆಲವಕ್ಕೆ ದುಂಡನೆಯ ಕಿಂಡಿ ಕೊರೆದಿದ್ದಾರೆ. ಪುರಾತತ್ವದವರು ಅವು ಕಬ್ಬಿಣಯುಗದ ಬೃಹತ್ ಶಿಲಾ ಸಂಸ್ಕೃತಿಯವು ಅನ್ನುತ್ತಾರೆ. 2021ರಲ್ಲಿ ಈ ಜಾಗ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿತು. ಊರಿನವರು ಮಾತ್ರ ಅದನ್ನು ಮೋರೇರ ಬೆಟ್ಟ ಅನ್ನುತ್ತಾರೆ. ಮೋರೇರು ಗಿಡ್ಡನೆಯ ಜನ, ಅವು ಅವರ ಮನೆಗಳು ಅನ್ನೋದು ಜನರ ನಂಬಿಕೆ. ಎತ್ತರದ ಬಂಡೆಯ ಮೇಲೆ ನಗಾರಿ ಆಕಾರದ ಒಂದು ದೊಡ್ಡ ಕಲ್ಲಿದೆ. ಬಡಿದರೆ ದೂರಕ್ಕೆ ಕೇಳುತ್ತದೆ. ಗಿಡ್ಡ ಜನ, ಕಲ್ಲಿನ ಮನೆ, ದುಂಡು ಬಾಗಿಲು, ಜನರನ್ನು ಕರೆಯುವ ನಗಾರಿ. ಇಷ್ಟೆಲ್ಲ ಕಣ್ಣೆದುರಿಗೆ ಇರುವಾಗ ನಿಮ್ಮ ರಾಣಿಗೆ ಹಿಮದ ಅರಮನೆ ಯಾಕೆ? ಹೋಗಿ ನೋಡಿ ಬನ್ನಿ. ಕಲ್ಲು ಮಾತ್ರ ಬಡಿಯಬೇಡಿ, ಹತ್ತಿ ನಿಲ್ಲಬೇಡಿ. ಅಲ್ಲಿ ನಿಧಿ ಆಸೆಗೆ ಅಗೆದು, ಕೆಡವಿ ಈಗಾಗಲೇ ಬಹಳ ಹಾಳಾಗಿದೆ.

ಋತುವಿನ ವಿಷಯ. ಮುಂಗಾರು, ಹಿಂಗಾರು ಅಂತ ಎರಡು ಪಕ್ಷ ಮಾಡಬಹುದು. ನನ್ನ ಮನಸ್ಸಿಗೆ ಹೆಚ್ಚು ಹಿಡಿಸುವುದು ಮಳೆ ನಕ್ಷತ್ರಗಳ ದಾರಿ. ರೋಹಿಣಿ, ಮೃಗಶಿರ, ಆರಿದ್ರ, ಪುನರ್ವಸು ಅಂತ ಒಂದೊಂದು ಮಳೆಗೂ ಸುಮಾರು 13–14 ದಿನದ ಸರದಿ. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಅಂತ ನಮ್ಮ ರೈತರು ಇವತ್ತಿಗೂ ಅನ್ನುತ್ತಾರೆ. ಒಂದೊಂದು ಮಳೆಯೂ ಒಬ್ಬ ಒಡತಿಯ ಸರದಿ ಅಂದುಕೊಳ್ಳಿ. ಸರದಿ ಮುಗಿದ ದಿನ ಅಧಿಕಾರ ಬಿಟ್ಟುಕೊಡಬೇಕು. ಒಂದು ವರ್ಷ ರೋಹಿಣಿ ಬಿಟ್ಟುಕೊಡುವುದಿಲ್ಲ. ಅಥವಾ ಹಸ್ತ ತನ್ನ ಸರದಿಗೆ ಬರುವುದೇ ಇಲ್ಲ. ಅಲ್ಲಿಗೆ ನಿಮ್ಮ ಕಥೆ ಶುರುವಾಯಿತು. ಕೆಳಗೆ ಒಣ ಹೊಲದಲ್ಲಿ ಬೀಜ ಹಿಡಿದು ನಿಂತವನಿಗೆ ಮೇಲಿನ ಈ ಜಗಳ ಗೊತ್ತಿಲ್ಲ. ಸ್ಕಾಟ್ಲೆಂಡಿನ ಪಾದ್ರಿ ರಾಬರ್ಟ್ ಕರ್ಕ್ 17ನೇ ಶತಮಾನದ ಕೊನೆಯಲ್ಲಿ ಬರೆದ ಪ್ರಕಾರ ಅಲ್ಲಿನ ಫೇರಿಗಳು ವರ್ಷಕ್ಕೆ 4 ಸಲ ಬಿಡಾರ ಬದಲಿಸುತ್ತಾರೆ. ಆ ದಿನಗಳಲ್ಲಿ ದಾರಿಯಲ್ಲಿ ಅವರ ಎದುರು ಸಿಗಬಾರದು. ನಮ್ಮಲ್ಲಿ ಕುರಿ ಹಿಂಡು ಹೊಡೆದುಕೊಂಡು ಹೊಲದಿಂದ ಹೊಲಕ್ಕೆ, ಜಿಲ್ಲೆಯಿಂದ ಜಿಲ್ಲೆಗೆ ತಿರುಗುವ ಕುರಿಗಾಹಿಗಳಿಗೆ ಯಕ್ಷರ ದಾರಿ ಗೊತ್ತಿರುತ್ತದೆ ಅಂತ ಮಾಡಬಹುದು.

ಕಪ್ಪದ ವಿಷಯಕ್ಕೆ ಚರಗ ಇದೆ. ಎಳ್ಳಮಾವಾಸ್ಯೆಗೆ ಕೊಪ್ಪಳ, ರಾಯಚೂರು ಕಡೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಪೂಜೆ ಮಾಡಿ, ಸಜ್ಜೆ ರೊಟ್ಟಿ, ಭರ್ತ, ಕಡುಬು ಎಲ್ಲ ಸೇರಿಸಿ ಬೆಳೆಯ ನಡುವೆ ಚೆಲ್ಲುತ್ತಾರೆ. ಐರ್ಲೆಂಡಿನ ಮನೆಗಳಲ್ಲಿ ಫೇರಿಗಳಿಗೆ ಹಾಲು ಇಡುತ್ತಿದ್ದರು. ನಿಮ್ಮ ಕಾಲ್ಪನಿಕ ಲೋಕದಲ್ಲಿ ಇಂಥದ್ದೇ ಒಂದು ಪಾಲು ಆಸ್ಥಾನದ ಆದಾಯ ಆಗಲಿ. ಆಗ ಸಹಜವಾಗಿ ಪ್ರಶ್ನೆ ಏಳುತ್ತದೆ. ಹೊಲ ಮಾರಿ ಗಣಿಗೆ ಕೊಟ್ಟ ಊರಿನವರು ಪಾಲು ಎಲ್ಲಿ ಚೆಲ್ಲಬೇಕು? ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದು ಹಿನ್ನೀರಿನಲ್ಲಿ ಊರುಗಳು ಮುಳುಗಿದವು. ಆ ಹೊಲಗಳ ಪಾಲನ್ನು ತಿನ್ನುತ್ತಿದ್ದವರು ಈಗ ಏನು ತಿಂದು ಬದುಕಿದ್ದಾರೆ?

ನಿಮ್ಮ ಊರಿಗೆ ಇನ್ನೊಂದು ಅಪರೂಪದ ಚರಿತ್ರೆ ಇದೆ. ಅದನ್ನು ಬಿಡಬೇಡಿ. ಸಂಡೂರು ತನ್ನದೇ ರಾಜ ಇದ್ದ ಚಿಕ್ಕ ಸಂಸ್ಥಾನ. ಸುತ್ತ ಮದ್ರಾಸಿಗೆ ಸೇರಿದ ಬಳ್ಳಾರಿ. ಹೊಳೆಯಾಚೆ ರಾಯಚೂರು, ಕೊಪ್ಪಳದ ಕಡೆ ನಿಜಾಮನ ಆಡಳಿತ. 1948ರಲ್ಲಿ ನಿಜಾಮನ ಆಳ್ವಿಕೆ ಹೋಯಿತು. 1949ರಲ್ಲಿ ಸಂಡೂರು ಮದ್ರಾಸಿಗೆ ಸೇರಿತು. 1953ರಲ್ಲಿ ಬಳ್ಳಾರಿ ಮೈಸೂರಿಗೆ ಬಂತು. 1956ರಲ್ಲಿ ರಾಯಚೂರೂ ಸೇರಿತು. ಯಕ್ಷರು ಯಾವಾಗಲೋ ಒಬ್ಬ ರಾಜನ ಜೊತೆ ಒಪ್ಪಂದ ಮಾಡಿಕೊಂಡಿದ್ದರು ಅಂದುಕೊಳ್ಳಿ. ಇಂಥ ಗುಡ್ಡ ಮುಟ್ಟಬೇಡಿ, ನಾವು ನಿಮ್ಮ ಮಳೆ ತಪ್ಪಿಸುವುದಿಲ್ಲ ಅಂತ. ರಾಜ್ಯವೇ ಹೋದ ಮೇಲೆ ಆ ಮಾತು ಯಾರ ತಲೆ ಮೇಲೆ? ಯಕ್ಷರು ಮಾತು ಮರೆಯುವವರಲ್ಲ. ಸರ್ಕಾರದ ಕಡತದಲ್ಲಿ ಆ ಮಾತೇ ಇಲ್ಲ. ಇದು ನಿಮ್ಮ ಕಾದಂಬರಿಯ ಬೆನ್ನೆಲುಬು ಆಗುವಷ್ಟು ಗಟ್ಟಿ ಇದೆ ಅಂತ ನನಗನ್ನಿಸುತ್ತದೆ.

ಕಬ್ಬಿಣದ ಪ್ರಶ್ನೆ ಕೇಳಿ ನನಗೆ ತುಂಬಾ ಖುಷಿಯಾಯಿತು. ಇದು ಅಡ್ಡಿಯಲ್ಲ, ನಿಮಗೆ ಸಿಕ್ಕ ವರ. ಜನಪದ ಕಥೆಗಳಲ್ಲಿ ಫೇರಿಗಳು ಹೆದರುವುದು ಚಾಕು, ಮೊಳೆ, ಲಾಳ ಇಂಥ ಬೆಂಕಿಗೆ ಬಿದ್ದು ಏಟು ತಿಂದ ಕಬ್ಬಿಣಕ್ಕೆ. ಸ್ಕಾಟ್ಲೆಂಡಿನಲ್ಲಿ ತೊಟ್ಟಿಲ ಹತ್ತಿರ ಕಬ್ಬಿಣ ಇಡುತ್ತಿದ್ದರು. ನಮ್ಮ ಬಾಣಂತಿ ಕೋಣೆಯಲ್ಲೂ ಕುಡುಗೋಲೋ ಚಾಕುವೋ ಇಡುತ್ತಾರೆ. ಸಂಡೂರಿನ ಗುಡ್ಡದಲ್ಲಿರುವುದು ಹೆಮಟೈಟ್. ಅದು ಕಬ್ಬಿಣ ಮತ್ತು ಆಮ್ಲಜನಕ ಕೂಡಿದ ಕೆಂಪು ಕಲ್ಲು. ಕುಲುಮೆಯಲ್ಲಿ ಇದ್ದಿಲು ಅದರ ಆಮ್ಲಜನಕವನ್ನು ಕಿತ್ತುಕೊಂಡಾಗ ಲೋಹ ಉಳಿಯುತ್ತದೆ. ಹಾಗಾದರೆ ಅದಿರು ಯಕ್ಷರ ಮೈ, ಅವರ ಮನೆ. ಲೋಹ ಅಂದರೆ ಅವರ ಮನೆಯದ್ದನ್ನೇ ಕೊಂಡುಹೋಗಿ ಸುಟ್ಟು ಉಸಿರು ಕಿತ್ತ ಹೆಣ. ಅದನ್ನು ಕಂಡರೆ ಅವರು ಹಿಂದೆ ಸರಿಯುವುದು ಯಾಕೆ ಅಂತ ಬೇರೆ ವಿವರಿಸಬೇಕಿಲ್ಲ. ತುಕ್ಕು ಹಿಡಿದಾಗ ಲೋಹ ಮತ್ತೆ ಹತ್ತಿರಹತ್ತಿರ ಅದಿರಿನ ರೂಪಕ್ಕೆ ಮರಳುತ್ತದೆ. ಅಂದರೆ ಮನುಷ್ಯರ ಕಬ್ಬಿಣದ ಕಾವಲು ಪ್ರತಿ ಮಳೆಗಾಲಕ್ಕೂ ದುರ್ಬಲ ಆಗುತ್ತದೆ. ಅದನ್ನು ಉಜ್ಜಿ, ಎಣ್ಣೆ ಹಚ್ಚಿ, ಹದ ಹಾಕಿ ಕಾಪಾಡುವ ಕಮ್ಮಾರ ನಿಮ್ಮ ಕಥೆಯ ದೊಡ್ಡ ಪಾತ್ರ ಆಗುತ್ತಾನೆ. ಎರಡೂ ಕಡೆಯವರಿಗೂ ಅವನು ಬೇಕು, ಎರಡೂ ಕಡೆಯವರಿಗೂ ಅವನ ಮೇಲೆ ಅನುಮಾನ. ಲಾರಿ, ರೈಲು ತುಂಬಿ ಹೋಗುವ ಅದಿರು ಯಕ್ಷರ ಕಣ್ಣಿಗೆ ಏನು? ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಕುಲುಮೆ ಬೆಂಕಿ ರಾತ್ರಿ ಗುಡ್ಡದ ಮೇಲಿನಿಂದ ಅವರಿಗೆ ಹೇಗೆ ಕಾಣುತ್ತದೆ? 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಒಡ್ಡೋಲಗದಲ್ಲಿ ಏನು ಮಾತು ನಡೆದಿರಬಹುದು? ಹಿರೇಬೆಣಕಲ್ ಕಬ್ಬಿಣ ಬಲ್ಲವರ ಕಾಲದ್ದು ಅನ್ನೋದನ್ನೂ ಇದಕ್ಕೆ ಸೇರಿಸಿ. ಮೊದಲ ಕುಲುಮೆ ಹಚ್ಚಲು ಯಕ್ಷರೇ ಒಮ್ಮೆ ಒಪ್ಪಿದ್ದರು, ಯಾವುದೋ ಬೆಲೆಗೆ ಅನ್ನೋ ಗುಟ್ಟು ಕಥೆಯ ನಡುವೆ ಹೊರಗೆ ಬರಬಹುದು.

ಫೇರಿಗಳು ಸುಳ್ಳು ಹೇಳುವುದಿಲ್ಲ ಅನ್ನೋ ನಿಯಮವನ್ನು ಈಚಿನ ಕಥೆಗಳು ತುಂಬಾ ಬೆಳೆಸಿವೆ. ಬೇಕಾದರೆ ಇಟ್ಟುಕೊಳ್ಳಿ. ಆದರೆ ಅವರ ನಿಜ ಹೇಗಿರುತ್ತದೆ ಅನ್ನೋದಕ್ಕೆ ಮೈಲಾರ ಜಾತ್ರೆಯ ಭವಿಷ್ಯವಾಣಿ, ಅಂದರೆ ಕಾರ್ಣಿಕ ನೆನಪಿಸಿಕೊಳ್ಳಿ. ಆ ಊರು ಮೊದಲು ಬಳ್ಳಾರಿ ಜಿಲ್ಲೆಯಲ್ಲಿತ್ತು, ಈಗ ವಿಜಯನಗರ ಜಿಲ್ಲೆ. ಗೊರವಯ್ಯ ಬಿಲ್ಲು ಏರಿ "ಸದ್ದಲೇ" ಅಂದಾಗ ಲಕ್ಷಾಂತರ ಜನ ಸುಮ್ಮನಾಗುತ್ತಾರೆ. ಗೊರವಯ್ಯ ನುಡಿಯುವುದು ಒಂದೇ ಸಾಲು. ಮಳೆ ಬೆಳೆ ಹೇಗೆ, ರಾಜಕೀಯ ಏನು ಅಂತ ಆ ಒಂದು ಸಾಲಿನ ಅರ್ಥವನ್ನು ಜನ ವರ್ಷವಿಡೀ ಹುಡುಕುತ್ತಾರೆ. ನಿಮ್ಮ ಯಕ್ಷರ ಮಾತೂ ಅಷ್ಟು ಚಿಕ್ಕದಾಗಿರಲಿ, ಅಷ್ಟು ಬಾಗಿಲು ತೆರೆಯಲಿ. ಕಾರ್ಣಿಕವನ್ನೇ ಎತ್ತಿ ಕಥೆಗೆ ಹಾಕಬೇಡಿ. ಮೈಲಾರಲಿಂಗ, ಹುಲಿಗೆಮ್ಮ, ಕುಮಾರಸ್ವಾಮಿ ಇವರೆಲ್ಲ ಜನ ಇವತ್ತು ಹರಕೆ ಹೊರುವ ದೇವರು. ಅವರನ್ನು ಯಾವ ಪಕ್ಷದ ರಾಜ ರಾಣಿಯೂ ಮಾಡಬೇಡಿ. ನಿಮ್ಮ ಯಕ್ಷರು ದೇವಸ್ಥಾನದ ಎದುರು ಹಾದುಹೋಗುವಾಗ ತಲೆ ಬಾಗಿಸಿ ಹೋದರೆ ಸಾಕು. ಅಷ್ಟರಿಂದಲೇ ಅವರ ಅಧಿಕಾರದ ಗಡಿ ಓದುಗರಿಗೆ ತಿಳಿಯುತ್ತದೆ.

ಭಾಷೆಗೆ ನಿಮ್ಮ ಕೈಯಲ್ಲೇ ದೊಡ್ಡಾಟ ಅನ್ನೋ ಬಯಲಾಟ ಇದೆ. ರಾಜನ ಪಾತ್ರ ರಂಗಕ್ಕೆ ಬಂದಾಗ ಸಾರಥಿ ತಾವು ಯಾರು, ಯಾವ ಊರು ಅಂತ ಕೇಳುತ್ತಾನೆ. ರಾಜ ಹೆಸರು, ಊರು, ಪೌರುಷ ಎಲ್ಲ ಸಾರಿ ಹೇಳುತ್ತಾನೆ. ಯಕ್ಷರಿಗೆ ಹೆಸರು ಹೇಳುವುದೇ ಅಪಾಯ. ಆದ್ದರಿಂದ ಅವರ ಒಡ್ಡೋಲಗದಲ್ಲಿ ಸಾರಥಿ ಕೇಳುತ್ತಾನೆ, ಬಂದವರು ಬಿರುದುಗಳನ್ನೆಲ್ಲ ಹೇಳಿ ಹೆಸರು ಮಾತ್ರ ನುಂಗುತ್ತಾರೆ. ಯಕ್ಷರು ದೊಡ್ಡಾಟದ ಗಡಸು ಕನ್ನಡ ಆಡಲಿ, ಮನುಷ್ಯರು ನಿಮ್ಮ ಊರಿನ ಮಾತು ಆಡಲಿ:

"ಎಲೈ ಮಾನವನೇ, ನಿನ್ನ ನಾಮಧೇಯವನ್ನು ನಮಗೆ ಕೊಡುವಂಥವನಾಗು."

"ಹೆಸ್ರು ಕೊಡಾಕ ಬರಂಗಿಲ್ರೀ. ಅಡ್ಡಹೆಸ್ರು ಹಿಡಿದು ಕರೀರಿ, ಓ ಅಂತೀನಿ."

ಇಷ್ಟರಲ್ಲೇ ಇವನು ಹುಷಾರಿದ್ದಾನೆ ಅಂತ ಗೊತ್ತಾಗುತ್ತದೆ. ಇಡೀ ಪುಸ್ತಕ ದೊಡ್ಡಾಟದ ಧಾಟಿಯಲ್ಲಿ ಹೋದರೆ ಓದುವವರು ದಣಿಯುತ್ತಾರೆ. ಒಡ್ಡೋಲಗದ ದೃಶ್ಯಗಳಿಗೆ ಮಾತ್ರ ಇಟ್ಟುಕೊಳ್ಳಿ. ಯಕ್ಷರು ಸಿಟ್ಟಾದಾಗ ಮಾತು ಇನ್ನೂ ಚಿಕ್ಕದಾಗಲಿ.

ಆಸ್ಥಾನದಿಂದ ಕಥೆ ಶುರು ಮಾಡಬೇಡಿ. ಯಾರು ಏನು ಅಂತ ಗೊತ್ತಿಲ್ಲದ ಓದುಗರಿಗೆ ಅದು ಬರೀ ಹೆಸರುಗಳ ಸಾಲು ಆಗುತ್ತದೆ. ಬಳ್ಳಾರಿ ಪಕ್ಕದ ಸಂಗನಕಲ್ಲು, ಕಪ್ಪಗಲ್ಲು ಗುಡ್ಡಗಳಲ್ಲಿ ನವಶಿಲಾಯುಗದ ಜನ ಬಡಿದು ಬಡಿದು ಕುಳಿ ಬಿದ್ದ ಕಪ್ಪು ಬಂಡೆಗಳಿವೆ. ತಟ್ಟಿದರೆ ಗಂಟೆಯ ಹಾಗೆ ದನಿ ಕೊಡುತ್ತವೆ. ಮೊದಲ ಅಧ್ಯಾಯದಲ್ಲಿ ಒಬ್ಬ ಹುಡುಗಿ ಅಂಥದ್ದೊಂದು ಕಲ್ಲನ್ನು ಸುಮ್ನೆ ತಟ್ಟಲಿ. 3 ದಿನದ ನಂತರ ಊರಿನ ಕಮ್ಮಾರನ ಮನೆಗೆ ಒಬ್ಬ ಅಪರಿಚಿತ ಬಂದು, ಕರೆದವರು ಯಾರು, ಕರೆದ ಕಾರಣ ಏನು ಅಂತ ಕೇಳಲಿ. ಒಡ್ಡೋಲಗವನ್ನು 5ನೇ ಅಧ್ಯಾಯದವರೆಗೂ ತೋರಿಸಬೇಡಿ. ಅಷ್ಟರಲ್ಲಿ ಆ ಹುಡುಗಿ ಏನು ಬಾಕಿ ಇದ್ದಾಳೆ, ಎಷ್ಟು ದಿನ ಉಳಿದಿದೆ ಅನ್ನೋದು ಓದುಗರಿಗೆ ಗೊತ್ತಿರಲಿ.